ಮೂರು ಸಾಕ್ಷಿಯ ಭಾವ

ನನ್ನ ಅಕ್ಕನ ಗಂಡನಿಗೆ ನಮ್ಮ ಮನೆಯವರೆಲ್ಲ ಸೇರಿ ಇಟ್ಟ ಹೆಸರು ಮೂರು ಸಾಕ್ಷಿ. ಎದುರಿಗೆ ಭಾವ ಅನ್ನುತ್ತೇನೆ, ಬೆನ್ನ ಹಿಂದೆ ಮೂರು ಸಾಕ್ಷಿ ಅನ್ನುತ್ತೇನೆ. ಎರಡೂ ಅವರಿಗೆ ಗೊತ್ತು. ಬೆಳಿಗ್ಗೆ ಹಾಲಿನವನು ಹಾಲು ಒಳ್ಳೆಯದಿದೆ ಎಂದರೆ ಯಾರು ಹೇಳಿದ್ದು ಎಂದು ಕೇಳುವ ಮನುಷ್ಯ. ಒಮ್ಮೆ ಮೊಣಕಾಲು ನೋವಿಗೆ ಡಾಕ್ಟರ ಹತ್ತಿರ ಹೋಗಿದ್ದರು. ಡಾಕ್ಟರು ರೋಗದ ಹೆಸರು ಹೇಳಿದರು. ಇವರು ಮಾತ್ರೆ ತೆಗೆದುಕೊಳ್ಳದೆ ಮನೆಗೆ ಬಂದು ಆ ಹೆಸರನ್ನು ಎರಡು ಪುಸ್ತಕದಲ್ಲಿ ಹುಡುಕಿದರು. ಡಾಕ್ಟರು ಹೇಳಿದ್ದು ಅಕ್ಷರಶಃ ಸರಿಯಿತ್ತು. ಆಗ ಭಾವ ಡಾಕ್ಟರನ್ನು ಬಿಟ್ಟು ಪುಸ್ತಕಗಳ ಮೇಲೆ ಅನುಮಾನಪಟ್ಟರು. ಅಷ್ಟರಲ್ಲಿ ಮೊಣಕಾಲು ಕುಂಬಳಕಾಯಿಯಷ್ಟಾಗಿತ್ತು.

ಇದೆಲ್ಲ ಅವರು ಮಾಡಿದ ಕೆಲಸದಿಂದ ಅಂಟಿದ ರೋಗ. ಕೂದಲು ಪೂರಾ ಕಪ್ಪಿದ್ದಾಗ ನಿಘಂಟು ಕಚೇರಿಗೆ ಸೇರಿದವರು, ಪೂರಾ ಬೆಳ್ಳಗಾದ ಮೇಲೆ ಹೊರಗೆ ಬಂದರು. ನಾನು ಆ ಕಚೇರಿ ನೋಡಿದ್ದೇನೆ. ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಔಷಧಿ ಅಂಗಡಿಯಲ್ಲಿರುವಂಥ ಸಣ್ಣ ಸಣ್ಣ ಡ್ರಾಯರುಗಳು, ಒಳಗೆ ಪದಕ್ಕೊಂದು ಕಾರ್ಡು. ಫ್ಯಾನು ಹಾಕುವ ಹಾಗಿಲ್ಲ, ಕಾರ್ಡು ಹಾರುತ್ತವೆ. ಬೇಸಿಗೆಯಲ್ಲಿ ಅಷ್ಟೂ ಜನ ಬೆವರುತ್ತ, ಒಬ್ಬರ ಕಾರ್ಡನ್ನು ಇನ್ನೊಬ್ಬರು ಅನುಮಾನಿಸುತ್ತ ಕೂತಿರುತ್ತಿದ್ದರು. ಅಲ್ಲಿಯ ನಿಯಮ ಇಷ್ಟು: ಒಂದು ಪದದ ಅರ್ಥ ಅಚ್ಚಿಗೆ ಹೋಗಬೇಕಾದರೆ ಮೂರು ಸಾಕ್ಷಿ ಬೇಕು. ಹಳೆಯ ಪುಸ್ತಕದಿಂದ ಒಂದು, ಈಚಿನ ಬರಹದಿಂದ ಒಂದು, ಮೂರನೆಯದು ಬಾಯಿಸಾಕ್ಷಿ. ಅಂದರೆ, ಜೀವಂತ ಮನುಷ್ಯರೊಬ್ಬರ ಬಾಯಿಂದ ಬಂದದ್ದು. ಎರಡು ಸಾಕ್ಷಿಯ ಪದಗಳು ವರ್ಷಗಟ್ಟಲೆ ಡ್ರಾಯರಿನಲ್ಲೇ ಕೊಳೆಯುತ್ತಿದ್ದವು.

ನಿವೃತ್ತಿಯಾದ ಮೇಲೂ ಕಚೇರಿಯವರು ಹಳೆಯ ಸಂಪುಟಗಳನ್ನು ತಿದ್ದುವ ಕೆಲಸವನ್ನು ಮನೆಗೇ ಕಳಿಸುತ್ತಾರೆ. ಈಗ ಕಾಲ ಬದಲಾಗಿದೆ, ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದಲ್ಲ ಎಂದು ನಾನೊಮ್ಮೆ ಹೇಳಿ ಕೆಟ್ಟೆ. ಭಾವ ನನ್ನನ್ನು ಕೂರಿಸಿ ಒಂದೇ ಪದವನ್ನು ಆನ್‌ಲೈನ್‌ನಲ್ಲಿ ಬೇರೆ ಬೇರೆ ಕಡೆ ತೆಗೆದು ತೋರಿಸಿದರು. ಎಲ್ಲ ಕಡೆಯೂ ಅದೇ ವಾಕ್ಯ, ಅದೇ ತಪ್ಪು. ಒಬ್ಬ ಕದ್ದದ್ದನ್ನು ಹತ್ತು ಜನ ಮಾರಿದರೆ ಅದು ಹತ್ತು ಸಾಕ್ಷಿಯಾಗುವುದಿಲ್ಲ, ಒಂದೇ ಕಳ್ಳತನ ಎಂದರು. ಹೆಸರಿಲ್ಲ, ಊರಿಲ್ಲ, ಯಾರು ಬರೆದದ್ದೆಂದು ಗೊತ್ತಿಲ್ಲ, ಇಂಥವರನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತೀಯಾ ಎಂದು ನನ್ನನ್ನೇ ಗದರಿಸಿದರು. ಆದರೂ ಬೆಳಗಾದರೆ ಅದನ್ನೇ ತೆರೆದು ಕೂರುತ್ತಾರೆ. ಕಳ್ಳನ ಮೇಲೆ ಕಣ್ಣಿಡಬೇಕಂತೆ.

ಅವರಿಗೆ ಬಾಯಿಸಾಕ್ಷಿ ಸಿಗುತ್ತಿದ್ದದ್ದು ಅಡುಗೆಮನೆಯಲ್ಲಿ. ಅಕ್ಕ ಪಾತ್ರೆ ತೊಳೆಯುತ್ತಿದ್ದರೆ ಇವರು ಬಾಗಿಲಲ್ಲಿ ನಿಂತು, ಕಾರ್ಡನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಕೇಳುವರು. ಪದ ಮಾತ್ರ ಹೇಳುತ್ತಿರಲಿಲ್ಲ. ಪದವನ್ನು ಮೊದಲೇ ಹೇಳಿದರೆ ಸಾಕ್ಷಿ ಕೆಡುತ್ತದೆ ಎಂದು ಅವರ ನಂಬಿಕೆ. ಹಾಗಾಗಿ ಅರ್ಥದ ಕಡೆಯಿಂದ ಸುತ್ತಿ ಬಳಸಿ ಬರುವರು. ನೀರು ಕುದಿಯುವುದಕ್ಕೆ ಮೊದಲು ಪಾತ್ರೆಯ ತಳದಲ್ಲಿ ಏಳುತ್ತದಲ್ಲ, ಅದನ್ನು ನೀನು ಹೇಗೆ ಹೇಳುತ್ತೀ? ಸಿಟ್ಟು ಬಂದೂ ತೋರಿಸದವರ ಮುಖ ಹೇಗಿರುತ್ತದೆ? ಅಕ್ಕ ತಲೆಯೆತ್ತದೆ ಬಾಯಿಗೆ ಬಂದದ್ದು ಹೇಳುವಳು. ಇವರು ಬರೆದುಕೊಂಡು ಹೋಗುವರು. ಹೀಗೆ ಎಷ್ಟು ಸಾವಿರ ಪದ ಅವಳ ಸೋಪಿನ ನೊರೆಯಿಂದ ಎದ್ದು ಅಚ್ಚಿಗೆ ಹೋದವೋ ದೇವರಿಗೇ ಗೊತ್ತು. ಅಚ್ಚಾದ ಮೇಲೆ ಯಾವ ಪದಕ್ಕೆ ತಾನು ಅರ್ಥ ಕೊಟ್ಟೆ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ.

ಅಕ್ಕನಿಗೆ ಪದ ಬೇಕಾದಾಗ ಅವಳು ಪುಸ್ತಕ ತೆರೆದವಳಲ್ಲ. ಪೇಪರಿನಲ್ಲಿ ಏನಾದರೂ ಅರ್ಥವಾಗದಿದ್ದರೆ ಕೂತಲ್ಲಿಂದಲೇ, "ರೀ, ಹೀಗಂದ್ರೇನು?" ಎನ್ನುವಳು. ಆಗ ಭಾವನ ಮುಖ ನೋಡಬೇಕು. ಕಚೇರಿಯಲ್ಲಿ ಯಾರೂ ಅವರನ್ನು ಏನನ್ನೂ ಕೇಳುತ್ತಿರಲಿಲ್ಲ, ಎಲ್ಲರೂ ಅನುಮಾನಿಸುವವರೇ. ಹೇಳಿದ್ದನ್ನು ಹೇಳಿದ ಹಾಗೆ ನಂಬುತ್ತಿದ್ದವಳು ಈ ಭೂಮಿಯ ಮೇಲೆ ಅವಳೊಬ್ಬಳೇ. ಇಷ್ಟು ದೊಡ್ಡ ನಿಘಂಟು ಪಕ್ಕದಲ್ಲೇ ಗೊರಕೆ ಹೊಡೆಯುವಾಗ ಪುಸ್ತಕ ಯಾಕೆ ಎಂದು ನನ್ನ ಹತ್ತಿರ ನಗುತ್ತಿದ್ದಳು.

ಇನ್ನೊಂದು ವಿಷಯ ಹೇಳಬೇಕು. ನಿಘಂಟು ಕಚೇರಿಯ ಓದುವ ಕೋಣೆಯಲ್ಲಿ ಒಂದು ಪದ್ಧತಿಯಿತ್ತು. ಯಾರು ಯಾವ ಪದ ಹುಡುಕಿದರೂ ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡಬೇಕು. ಜನ ಯಾವ ಪದಗಳಿಗೆ ಬರುತ್ತಾರೆ ಎಂದು ತಿಳಿಯಲಿ ಎಂದು. ಭಾವ ಆ ಪದ್ಧತಿಯನ್ನು ಮನೆಗೂ ತಂದಿದ್ದರು. ಮನೆಯ ಸಂಪುಟಗಳಲ್ಲಿ ಇದ್ದದ್ದೆಲ್ಲ ಅವರದೇ ಕೆಂಪು ಚುಕ್ಕೆ.

ನನ್ನದು ಅವರ ಮನೆಯ ಕೆಳಗಿನ ಬೀದಿಯಲ್ಲಿ ಝೆರಾಕ್ಸು ಮತ್ತು ಬೈಂಡಿಂಗ್ ಅಂಗಡಿ. ಒಂದು ಸಂಜೆ ಭಾವ ಟವೆಲಿನಲ್ಲಿ ಏನನ್ನೋ ಸುತ್ತಿಕೊಂಡು, ಹಿಂದೆ ಮುಂದೆ ನೋಡಿಕೊಂಡು ಒಳಗೆ ಬಂದರು. ಕದ್ದ ಮಾಲೇ ಇರಬೇಕು ಎಂದುಕೊಂಡೆ. ಬಿಚ್ಚಿದರೆ ನಿಘಂಟಿನ ಎರಡು ಸಂಪುಟ. ಬೆನ್ನು ಸಡಿಲವಾಗಿದೆ, ಹೊಲಿಗೆ ಹಾಕು ಎಂದರು. ಹೋದ ವರ್ಷ ನಾನೇ ಹಾಕಿದ ಹೊಲಿಗೆ ಉಕ್ಕಿನ ಹಾಗಿತ್ತು. ನನ್ನ ಕೆಲಸಕ್ಕೇ ಹೆಸರಿಡುತ್ತೀರಾ ಎಂದು ನಾನು ಬಾಯಿ ತೆಗೆಯುವಷ್ಟರಲ್ಲಿ ಅವರು ಒಂದು ಪುಟ ತೆರೆದು ಬೆರಳಿಟ್ಟರು. 'ಜೀವನಾಂಶ' ಎಂಬ ಪದದ ಪಕ್ಕದಲ್ಲಿ ಒಂದು ಚುಕ್ಕೆ. ಕಪ್ಪು ಚುಕ್ಕೆ. ಇನ್ನೊಂದು ಸಂಪುಟ ತೆರೆದರು. 'ಸ್ವಯಾರ್ಜಿತ', ಕಪ್ಪು ಚುಕ್ಕೆ. 'ಸ್ವಾವಲಂಬಿ', ಕಪ್ಪು ಚುಕ್ಕೆ.

ಕರಿ ಪೆನ್ಸಿಲು ಆ ಮನೆಯಲ್ಲಿ ಇರುವುದು ಒಂದೇ, ಅಕ್ಕ ಸಾಮಾನಿನ ಚೀಟಿ ಬರೆಯುವುದು.

ಭಾವ ಕುರ್ಚಿ ಎಳೆದು ಕೂತು ಪೊಲೀಸರ ಹಾಗೆ ವಿಚಾರಣೆ ಶುರು ಮಾಡಿದರು. ನಿನ್ನಕ್ಕ ನಿನ್ನ ಹತ್ತಿರ ಏನು ಹೇಳಿದ್ದಾಳೆ, ಮಧ್ಯಾಹ್ನ ಎಲ್ಲಿಗೆ ಹೋಗುತ್ತಾಳೆ, ನೀನೂ ಇದರಲ್ಲಿ ಸೇರಿದ್ದೀಯಾ. ನನಗೆ ಮೈ ಉರಿದುಹೋಯಿತು. ಆದರೆ ಉತ್ತರ ನನ್ನಲ್ಲೂ ಇರಲಿಲ್ಲ. ಅಕ್ಕ ಈಚೆಗೆ ಅಂಗಡಿಗೆ ಬರುವುದನ್ನು ನಿಲ್ಲಿಸಿದ್ದಳು. ಬಂದರೂ ಕೂರುತ್ತಿರಲಿಲ್ಲ. ಏನಾಯಿತೇ ಎಂದರೆ ಏನಿಲ್ಲ ಎನ್ನುವಳು, ಕಣ್ಣು ಬೇರೆ ಕಡೆ ಇರುತ್ತಿತ್ತು. ನನಗೂ ಅನುಮಾನವೇ. ಅವಳ ಮೇಲಲ್ಲ, ಇವರ ಮೇಲೆ.

ಭಾವ ತಮ್ಮ ಸಾಕ್ಷಿಗಳನ್ನು ಒಂದೊಂದಾಗಿ ಮುಂದಿಟ್ಟರು. ಚುಕ್ಕೆ ಒಂದು. ಎರಡನೆಯದು ಅಕ್ಕನ ಮೊಬೈಲು. ತಮ್ಮದರಲ್ಲಿ ಚಾರ್ಜಿಲ್ಲ ಎಂದು ಅವಳದ್ದನ್ನು ತೆಗೆದುಕೊಂಡು ಯಾವುದೋ ಪದಕ್ಕೆ 'ಜೀ' ಎಂದು ಒತ್ತಿದ್ದಾರೆ, ಮೊಬೈಲು ತಾನಾಗಿಯೇ 'ಜೀವನಾಂಶ ಎಂದರೇನು' ಎಂದು ಮುಂದೆ ಬರೆಯಿತಂತೆ. ಒಬ್ಬರೇ ಇರುವಂಥ ಬಾಡಿಗೆ ರೂಮು ಹುಡುಕಿದ್ದೂ ಅಲ್ಲೇ ಇತ್ತು. ಆನ್‌ಲೈನ್‌ನಲ್ಲಿ ಬಂದ ಯಾವುದನ್ನೂ ನಂಬದ ಮನುಷ್ಯ ಇದನ್ನು ಮಾತ್ರ ಒಂದೇ ಏಟಿಗೆ ನಂಬಿದ್ದರು. ಮೂರನೆಯದು ಹೇಳುವಾಗ ಮುಖ ಕೆಳಗೆ ಹಾಕಿದರು. ಅಕ್ಕನನ್ನು ಹಿಂಬಾಲಿಸಿ ಹೋಗಿದ್ದರು. ಅವಳು ಮಾರುಕಟ್ಟೆಯ ಹಿಂದಿನ ಕಟ್ಟಡದ ಮೆಟ್ಟಿಲು ಹತ್ತಿದಳು. ಕೆಳಗಿನ ಮಹಡಿಯಲ್ಲಿ ವಕೀಲರ ಬೋರ್ಡು.

"ಮೂರು ಸಾಕ್ಷಿ ಸಿಕ್ಕಿತು. ಅವಳು ನನ್ನನ್ನ ಬಿಟ್ಟು ಹೋಗ್ತಾಳೆ" ಎಂದರು.

ಮೊದಲ ಸಲ ಅವರನ್ನು ನೋಡಿ ಅಯ್ಯೋ ಅನ್ನಿಸಿತು. ಆದರೆ ಬಾಯಿ ಸುಮ್ಮನಿರಲಿಲ್ಲ. ಬಾಯಿಸಾಕ್ಷಿ ಎಲ್ಲಿ ಭಾವ, ಅವಳನ್ನೇ ಕೇಳಿದಿರಾ ಎಂದೆ. ಕೇಳಿ, ಅವಳು ಸುಳ್ಳು ಹೇಳಿದರೆ ಎಂದರು. ನಿಜ ಹೇಳಿದರೆ ಎಂಬುದೇ ಅವರ ಹೆದರಿಕೆ ಎಂದು ನನಗೆ ತಿಳಿಯಿತು. ನಾನೇ ಹೋಗಿ ಕೇಳುತ್ತೇನೆಂದು ಎದ್ದಾಗ ಇನ್ನೊಂದು ದೂರು ಹೇಳಿದರು. 'ಪ' ಅಕ್ಷರದ ಸಂಪುಟ ಬೀರುವಿನಲ್ಲೇ ಇಲ್ಲ. ಅದನ್ನು ಯಾರಿಗೆ ಕೊಟ್ಟಿದ್ದಾಳೋ ವಿಚಾರಿಸು ಎಂದರು.

ಅವರನ್ನು ಅಂಗಡಿಯಲ್ಲೇ ಕೂರಿಸಿ, ಷಟರ್ ಅರ್ಧ ಎಳೆದು ಮೇಲೆ ಅವರ ಮನೆಗೆ ಹೋದೆ. ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು. ಸುತ್ತಿ ಬಳಸಲು ನನಗೆ ಬರುವುದಿಲ್ಲ. ಭಾವನನ್ನು ಬಿಟ್ಟು ಹೋಗುತ್ತೀಯಂತೆ, ನಿಜವಾ ಎಂದು ಕೇಳಿದೆ. ಅವಳು ಕೈಯಲ್ಲಿದ್ದ ಅಂಗಿಯನ್ನು ಮಡಚಿ ಮುಗಿಸಿ, ಗುಂಡಿ ನೇರ ಮಾಡಿ, ಒಳಗೆ ಹೋಗಿ ಹಿಟ್ಟಿನ ಡಬ್ಬಿಯ ಹಿಂದಿನಿಂದ 'ಪ' ಸಂಪುಟವನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ಗುರುತಿಗೆ ಒಂದು ಬಟ್ಟೆಯ ಚೂರು ಇಟ್ಟಿದ್ದಳು. ತೆರೆದೆ. 'ಪರೋಪಜೀವಿ' ಎಂಬ ಪದದ ಪಕ್ಕದಲ್ಲಿ ಚುಕ್ಕೆಯಲ್ಲ, ತೂತು. ಪೆನ್ಸಿಲು ಕಾಗದವನ್ನು ದಾಟಿ ಹಿಂದಿನ ಪುಟಕ್ಕೆ ಹೋಗಿತ್ತು.

ಅರ್ಥ ಹೀಗಿತ್ತು: ಇನ್ನೊಂದು ಜೀವಿಯ ಮೇಲೆ ಕೂತು, ಅದರ ಸಾರ ಹೀರಿ ಬದುಕುವಂಥದು; ತಾನು ದುಡಿಯದೆ ಪರರ ಮೇಲೆ ಬದುಕುವವನು ಅಥವಾ ಬದುಕುವವಳು. ಉದಾಹರಣೆ: ಹೇನು, ತಿಗಣೆ, ನಾಯಿಯ ಮೈಮೇಲಿನ ಉಣ್ಣೆಹುಳ.

ಅವಳು ಹೇಳಿದಳು. ಒಂದು ಬೆಳಿಗ್ಗೆ ಮೇಜು ಒರೆಸುವಾಗ ಕೈ ತಾಗಿ ಭಾವ ಜೋಡಿಸಿಟ್ಟಿದ್ದ ಕಾರ್ಡಿನ ಕಟ್ಟು ನೆಲಕ್ಕೆ ಬಿದ್ದು ಕಲಸಿಹೋಯಿತು. ಭಾವ ಎದ್ದು ನಿಂತು, ಪರೋಪಜೀವಿಗಳ ಜೊತೆ ಬಾಳುವುದು ನನ್ನ ಹಣೆಬರಹ ಎಂದರು. ಸಂಜೆಯ ಹೊತ್ತಿಗೆ ಅವರು ಮರೆತರು. ಇವಳಿಗೆ ಆ ಪದವೇ ಗೊತ್ತಿರಲಿಲ್ಲ. ಬೇರೆ ಗಂಡಂದಿರ ಹಾಗೆ ದಂಡಪಿಂಡ ಅಂದಿದ್ದರೆ ಇವಳೂ ಒಂದಕ್ಕೆರಡು ಅಂದು, ರಾತ್ರಿ ಊಟಕ್ಕೆ ಮೊದಲು ಜಗಳ ಮುಗಿಯುತ್ತಿತ್ತು. ಈ ಪುಣ್ಯಾತ್ಮ ಬೈಯುವುದಕ್ಕೂ ನಿಘಂಟನ್ನೇ ಹಿಡಿಯಬೇಕೆ? ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಇದು ಹೋಗಲಿಲ್ಲ, ಅರ್ಥ ಹುಡುಕಿಕೊಂಡು ಮನೆಯೊಳಗೇ ಉಳಿಯಿತು.

"ಅವರನ್ನೇ ಕೇಳೋಣ ಅಂದ್ಕೊಂಡೆ" ಎಂದಳು ಅಕ್ಕ. "ಬೈದವರ ಹತ್ರವೇ ಬೈಗುಳದ ಅರ್ಥ ಹೇಗೆ ಕೇಳೋದು? ಅದಕ್ಕೇ ಪುಸ್ತಕ ತೆಗೆದೆ."

ನಿಘಂಟಿನಲ್ಲಿ ಹೇನು ತಿಗಣೆ ಸಿಕ್ಕಿತು. ಬೇರೆ ಕಡೆ ಸ್ವಲ್ಪ ಮೆತ್ತಗಿನ ಅರ್ಥ ಇರಬಹುದು ಎಂದು ಸಮಾನಾರ್ಥಕ ಪದಗಳ ಕೋಶ ತೆಗೆದಳು. ಅಲ್ಲಿ ಪರಾನ್ನಭೋಜಿ, ಪರಾವಲಂಬಿ, ದಂಡಪಿಂಡ ಎಂದು ಸಾಲಾಗಿ ನಿಂತಿದ್ದವು. ಒಂದು ಪದ ಹುಡುಕಲು ಹೋದವಳಿಗೆ ಒಂದು ಹಿಂಡು ಬೈಗುಳ ಸಿಕ್ಕಿತು. ಕೊನೆಗೆ ಮೊಬೈಲು ನೋಡಿದಳು. ಅಲ್ಲಿ ಹೇನಿನ ಚಿತ್ರವೂ ಇತ್ತು, ದೊಡ್ಡದು ಮಾಡಿ ನೋಡಬಹುದಿತ್ತು. ಮೂರು ಕಡೆ ಸಾಕ್ಷಿ ಸಿಕ್ಕ ಮೇಲೆ ಅವಳೂ ನಂಬಿದಳು. ಇಷ್ಟು ವರ್ಷ ಇವರ ಜೊತೆ ಬಾಳಿ ಕಲಿತದ್ದು ಅದೊಂದೇ ತಾನೇ.

ಆಮೇಲೆ ಒಂದು ಪದ ಇನ್ನೊಂದಕ್ಕೆ ಎಳೆದುಕೊಂಡು ಹೋಯಿತು. ಸ್ವಾವಲಂಬಿ ಅಂದರೇನು ನೋಡಿದಳು. ಜೀವನಾಂಶವನ್ನೂ ನೋಡಿದಳು. ಅದೂ ಅವರ ದುಡಿಮೆಯದೇ ಎಂದು ತಿಳಿದು ಬೇಡವೆಂದು ಬಿಟ್ಟಳು. ಕಟ್ಟಡದ ಮೆಟ್ಟಿಲು ಹತ್ತುತ್ತಿದ್ದದ್ದು ವಕೀಲರ ಹತ್ತಿರ ಹೋಗಲು ಅಲ್ಲ, ಅದರ ಮೇಲಿನ ಮಹಡಿಯ ಸಿದ್ಧ ಉಡುಪಿನ ಘಟಕಕ್ಕೆ. ಅಲ್ಲಿ ಅಂಗಿಗೆ ಕಾಜಾ ಗುಂಡಿ ಹಾಕುವ ಕೆಲಸಕ್ಕೆ ಸೇರಿದ್ದಳು. ಘಟಕದ ಯಜಮಾನಿ ತನ್ನ ಮನೆಯ ಹಿಂದಿನ ರೂಮು ಖಾಲಿಯಿದೆ, ಬೇಕಾದಾಗ ಬಾ ಎಂದು ಬೀಗದ ಕೈ ಕೊಟ್ಟಿದ್ದಳು. ಅಕ್ಕ ಚೀಲದಿಂದ ತೆಗೆದು ತೋರಿಸಿದಳು. ಹಸಿರು ದಾರ ಕಟ್ಟಿದ ಸಣ್ಣ ಕೀಲಿ.

ಹೋಗುತ್ತೀಯಾ ಎಂದು ಕೇಳಿದೆ. ಗೊತ್ತಿಲ್ಲ ಎಂದಳು. ಆಮೇಲೆ ಪುಸ್ತಕದ ಮೇಲೆ ಕೈಯಿಟ್ಟು ಇನ್ನೊಂದು ಮಾತು ಹೇಳಿದಳು. ಎಷ್ಟೋ ವರ್ಷದ ಹಿಂದೆ, ಇನ್ನೂ ಶಾಲೆಗೆ ಹೋಗುತ್ತಿದ್ದ ನಾನು ತಲೆತುಂಬ ಹೇನು ತುಂಬಿಸಿಕೊಂಡು ಅವರ ಮನೆಯಲ್ಲಿ ಉಳಿದಿದ್ದೆ. ಅಕ್ಕ ನನ್ನನ್ನು ಮುಂದೆ ಕೂರಿಸಿಕೊಂಡು ಹೇನು ಹೆಕ್ಕುತ್ತಿದ್ದಳು. ಭಾವ ಕಾರ್ಡು ಬೆನ್ನ ಹಿಂದೆ ಹಿಡಿದು ಬಂದು, ಇನ್ನೊಂದರ ಮೇಲೆ ಕೂತು ಬದುಕುವಂಥದು ಏನೇನಿದೆ ಹೇಳು ಎಂದಿದ್ದರು. ಅವಳು ನಗುತ್ತ ನನ್ನ ತಲೆ ತೋರಿಸಿ ಹೇನು ಎಂದಿದ್ದಳು, ತಿಗಣೆ ಎಂದಿದ್ದಳು, ನಾಯಿಯ ಉಣ್ಣೆ ಎಂದಿದ್ದಳು. ನನಗೂ ನೆನಪಾಯಿತು. ನನ್ನನ್ನು ನಾಯಿ ಮಾಡಿದಳೆಂದು ಆ ಉಣ್ಣೆಯ ಮಾತಿಗೆ ನಾನು ಅತ್ತಿದ್ದೆ.

ಅಷ್ಟರಲ್ಲಿ ಭಾವ ಬಂದರು. ತಡೆದುಕೊಳ್ಳಲಾಗದೆ ಬಂದದ್ದು, ಚಪ್ಪಲಿ ಬಿಚ್ಚುವುದನ್ನೂ ಮರೆತಿದ್ದರು. 'ಪ' ಸಂಪುಟ ನೋಡಿದ ಕೂಡಲೇ, ಸಿಕ್ಕಿತಾ, ಯಾರ ಹತ್ತಿರ ಇತ್ತು ಎಂದರು. ನಾನು ಎದ್ದು ಆ ಪುಟವನ್ನೇ ಅವರ ಮೂಗಿನ ಕೆಳಗೆ ಹಿಡಿದೆ. ಇದನ್ನು ನೀವು ಅಕ್ಕನಿಗೆ ಅಂದದ್ದು, ನೋಡಿ ಎಂದೆ. ಅವರು ಓದಿದರು. ಕಾಗದದ ತೂತಿನ ಮೇಲೆ ಬೆರಳಾಡಿಸಿದರು. ನಾನು ಇದನ್ನು ಯಾವಾಗ ಅಂದೆ ಎಂದು ಅನುಮಾನದಿಂದ ಕೇಳಿದರು. ಕಾರ್ಡು ಬಿದ್ದ ಬೆಳಿಗ್ಗೆ ಎಂದಳು ಅಕ್ಕ, ಅಷ್ಟೇ. ಅವರ ಮುಖದಲ್ಲಿ ನೆನಪು ಮೆಲ್ಲಗೆ ಹತ್ತಿ ಬಂತು. ಆಗಲಾದರೂ ಬಾಯಿ ಮುಚ್ಚಬೇಕೋ ಬೇಡವೋ? ಕೆಲಸದ ಬುದ್ಧಿ ಎಲ್ಲಿಗೆ ಹೋಗುತ್ತದೆ. ಮನುಷ್ಯರಿಗೆ ಹೇಳಿದಾಗ ಈ ಪದದ ಅರ್ಥ ಅಷ್ಟು ಕಟುವಲ್ಲ, ವ್ಯಾಪ್ತಿ ಬೇರೆ, ಕನ್ನಡಕ ತಾ ತೋರಿಸುತ್ತೇನೆ ಎಂದು ಶುರು ಮಾಡಿದರು.

"ಅರ್ಥ ನನಗೆ ಹೇಳಬೇಡಿ" ಎಂದಳು ಅಕ್ಕ. "ಆ ಅರ್ಥ ಹೇಳಿದ್ದೇ ನಾನು."

ಭಾವ ನಿಂತಲ್ಲೇ ನಿಂತರು. ನನ್ನನ್ನು ನೋಡಿದರು, ನನ್ನ ತಲೆ ನೋಡಿದರು, ಹೇನು ತಿಗಣೆ ಎಂದು ತಾವೇ ಅಚ್ಚು ಹಾಕಿಸಿದ ಸಾಲು ನೋಡಿದರು. ನಾನಾದರೂ ಸುಮ್ಮನಿರಬಹುದಿತ್ತು, ಇರಲಿಲ್ಲ. ಇಷ್ಟೂ ಸಂಪುಟ ಯಾರ ಬಾಯಿಂದ ಹೀರಿದ್ದು ಭಾವ, ಯಾರು ಯಾರ ಮೇಲೆ ಕೂತು ಬದುಕಿದ್ದು ಎಂದೆ. ಅಕ್ಕ ನನಗೆ ಸುಮ್ಮನಿರು ಎಂದು ಗದರಿದಳು. ಕೊನೆಗೆ ಭಾವ, "ತಪ್ಪಾಯ್ತು" ಎಂದರು. ಆ ಪದವನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ಅದರ ಅರ್ಥ ನಿಮಗೆ ಗೊತ್ತಾ ನೋಡೋಣ" ಎಂದು ಅಕ್ಕ ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಅವಳು ಕೆಲಸಕ್ಕೆ ಹೋದಳು, ಹೇಳಿಯೇ ಹೋದಳು. ಸಂಜೆ ಮನೆಗೆ ಬಂದಳು. ರೂಮಿಗೆ ಹೋಗಲಿಲ್ಲ, ಕೀಲಿಯನ್ನು ವಾಪಸು ಕೊಡಲೂ ಇಲ್ಲ. ಚೀಲ ಬಾಗಿಲ ಮೊಳೆಗೆ ನೇತು ಹಾಕಿದರೆ ಹಸಿರು ದಾರ ಹೊರಗೇ ಇಣುಕುತ್ತಿತ್ತು. ಭಾವ ದಿನಾ ಅದರ ಮುಂದೆ ಹಾದುಹೋಗುತ್ತಿದ್ದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿಯಂತೆ, ಇವರಿಗೆ ಕಂಡದ್ದೆಲ್ಲ ಹಸಿರು. ಆದರೂ ಕೇಳಲಿಲ್ಲ, ಚೀಲವನ್ನು ಮುಟ್ಟಲೂ ಇಲ್ಲ. ಅವರ ಮಟ್ಟಿಗೆ ಅದು ಉಪವಾಸ ಮಾಡಿದ ಹಾಗೆ.

ಅವರನ್ನು ಹಿಂಡುತ್ತಿದ್ದದ್ದು ಕೀಲಿಯಲ್ಲ, ಬೇರೆಯದು. ಅಕ್ಕ ಈಗ ಏನನ್ನೂ ಕೇಳುತ್ತಿರಲಿಲ್ಲ. ಪೇಪರು ಓದುತ್ತ ಓದುತ್ತ ಒಂದು ಕಡೆ ನಿಲ್ಲುವಳು. ಇವರು ಕಿವಿ ನೆಟ್ಟಗೆ ಮಾಡಿಕೊಂಡು ಕಾಯುವರು. ಅವಳು ಎದ್ದು ಬೀರು ತೆರೆದು, ತಾನೇ ನೋಡಿ, ಕಪ್ಪು ಚುಕ್ಕೆ ಇಟ್ಟು ಬಂದು ಕೂರುವಳು. ಸಂಪುಟಗಳಲ್ಲಿ ಕಪ್ಪು ಚುಕ್ಕೆ ಹೆಚ್ಚುತ್ತ ಹೋದವು. ಭಾವ ಅಂಗಡಿಗೆ ಬಂದು, ಇವತ್ತು ಎರಡು ಎಂದು ಹೇಳಿ ಹೋಗುತ್ತಿದ್ದರು. ನಾನು ಝೆರಾಕ್ಸು ಮಾಡುತ್ತ ಕೇಳಿಸಿಕೊಳ್ಳುತ್ತಿದ್ದೆ. ಮಾಡಿದ್ದುಣ್ಣೋ ಮಹರಾಯ ಎಂದು ಬಾಯಿಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ.

ಚಳಿ ಶುರುವಾದ ಮೇಲೆ ಒಂದು ದಿನ ಭಾವ ಮತ್ತೆ ಟವೆಲಿನಲ್ಲಿ ಸಂಪುಟ ಸುತ್ತಿಕೊಂಡು ಬಂದರು. ಈ ಸಲ 'ಸ'. ಮುಖದಲ್ಲಿ ಅದೇ ಹಳೆಯ ಅನುಮಾನ. ಹಿಂದಿನ ಸಂಜೆ ಅಕ್ಕ ಕೆಲಸದಿಂದ ಬಂದು, ಚೀಲ ನೇತುಹಾಕಿ, ಕಾಲು ಚಾಚಿ ಕೂತು ಒಂದು ಮಾತು ಕೇಳಿದಳಂತೆ. ಘಟಕದ ಗೋಡೆಗೆ ನೋಟೀಸು ಹಚ್ಚಿದ್ದಾರೆ, "ರೀ, ಸಾಂದರ್ಭಿಕ ರಜೆ ಅಂದ್ರೇನು?" ಎಂದು.

ಭಾವ ಪುಟ ತೆರೆದು ನನ್ನ ಮುಂದೆ ಇಟ್ಟರು. 'ಸಾಂದರ್ಭಿಕ' ಎಂಬುದರ ಪಕ್ಕದಲ್ಲಿ ಕಪ್ಪು ಚುಕ್ಕೆ. ಸ್ವಲ್ಪ ಅಳಿಸಿಹೋಗಿತ್ತು, ಹೊಸದಲ್ಲ.

"ಮೊದಲೇ ನೋಡಿದ್ದಾಳೆ. ಗೊತ್ತಿದ್ದೂ ಕೇಳಿದ್ದಾಳೆ. ಯಾಕಿರಬಹುದು?"

ನಾನು ಅವರ ಮುಖ ನೋಡಿದೆ. ಸಾವಿರಾರು ಪದಕ್ಕೆ ಅರ್ಥ ಬರೆದ ಮನುಷ್ಯನಿಗೆ ಇದೊಂದು ತಿಳಿದಿರಲಿಲ್ಲ. ನೀವೇನು ಹೇಳಿದಿರಿ ಎಂದು ಕೇಳಿದೆ.

"ಅರ್ಥ ಹೇಳಿದೆ. ಸರಿ ಇದೆಯಾ ಅಂತ ಅವಳನ್ನ ಕೇಳಿದೆ."

"ಏನಂದಳು?"

"ಪರವಾಗಿಲ್ಲ ಅಂದಳು" ಎಂದು ಭಾವ ಪುಸ್ತಕ ಮುಚ್ಚಿದರು. ಹೊಲಿಗೆ ಹಾಕಬೇಕೇ ಎಂದೆ. ಬೇಡ, ಗಟ್ಟಿಯಿದೆ ಎಂದು ಟವೆಲು ಸುತ್ತಿಕೊಂಡು, ಅವಳು ಕೆಲಸದಿಂದ ಬರುವ ಹೊತ್ತಾಯಿತೆಂದು ಎದ್ದು ಹೋದರು. ಕೀಲಿ ಇನ್ನೂ ಅವಳ ಚೀಲದಲ್ಲೇ ಇದೆ. ಅವರು ಕೇಳಿಲ್ಲ, ನಾನೂ ಕೇಳಿಲ್ಲ.